ಮೀನು ನಿಲ್ಲಿಸಿದ ಎರಡು ತಿಂಗಳು

ನನಗೆ ಹೊಟ್ಟೆಕಿಚ್ಚು ಮೊದಲಿಂದಲೂ ಜಾಸ್ತಿ. ಶಾಲೆಯಲ್ಲಿ ಪಕ್ಕದವಳಿಗೆ ಒಂದು ಮಾರ್ಕು ಹೆಚ್ಚು ಬಂದರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ. ಆದರೆ ಅಣ್ಣನ ಹೆಂಡತಿಯ ಮೇಲೆ, ಅಂದರೆ ನನ್ನ ಅತ್ತಿಗೆಯ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿಗೆ ಬೇರೆ ಯಾವುದೂ ಸಾಟಿಯಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಊರಿಗೆಲ್ಲ ‘ಅಕ್ಕೋರು’. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಹಾಗೇ ಕರೆಯುವುದು. ಇಷ್ಟಿದ್ದೂ ಅವಳ ಹತ್ತಿರ ಏನಿತ್ತು ಅಂತ ಉರಿದುಕೊಂಡೆ ಎಂದು ಕೇಳಿದರೆ, ಇದ್ದದ್ದು ಒಂದೇ ಒಂದು ಶಬ್ದ. ಅವ್ವಿ, ಅಂದರೆ ನಮ್ಮ ತಾಯಿ, ನನ್ನನ್ನು ‘ಕೂಸೇ’ ಎಂದು ಕರೆಯುತ್ತಿದ್ದಳು. ನನಗೆ ಮದುವೆಯಾಗಿ, ಎರಡು ಮಕ್ಕಳಾಗಿ, ಕಿವಿಯ ಹತ್ತಿರ ಕೂದಲು ಬೆಳ್ಳಗಾದ ಮೇಲೂ ಹಾಗೇ ಕರೆಯುತ್ತಿದ್ದಳು. ಒಂದು ದಿನ ಆ ಶಬ್ದವನ್ನು ನನ್ನ ಕಣ್ಣೆದುರೇ ಎತ್ತಿ ಅತ್ತಿಗೆಗೆ ಕೊಟ್ಟುಬಿಟ್ಟಳು.

ನನ್ನ ತವರು ಹೊನ್ನಾವರದ ಕಡಲ ಕಡೆಯ ಕೇರಿ. ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದ. ಅವ್ವಿ ಮೀನು ಮಾರಿ ನಮ್ಮಿಬ್ಬರನ್ನು ಸಾಕಿದಳು. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ದಡದಲ್ಲಿ ನಿಂತು, ಮೀನು ಆರಿಸಿ, ಬುಟ್ಟಿ ತಲೆಗೇರಿಸಿಕೊಂಡು ಹೊರಟರೆ ಮಧ್ಯಾಹ್ನ ದಾಟಿಯೇ ಮನೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅವಳ ತಲೆಯಲ್ಲಿ ಇಡೀ ಊರಿತ್ತು. ಯಾವ ಮನೆಯವರಿಗೆ ಬಂಗಡೆ ಮೈಗಾಗದು, ಯಾವ ಮನೆಯ ಮುದುಕನಿಗೆ ಹಲ್ಲಿಲ್ಲದ್ದಕ್ಕೆ ಮೆತ್ತಗಿನ ನೊಗಲೆ ಮೀನು ಬೇಕು, ಯಾವ ಸೊಸೆಗೆ ಬಸಿರಿನಲ್ಲಿ ಮೀನಿನ ವಾಸನೆಗೇ ವಾಂತಿ, ಎಲ್ಲ ಗೊತ್ತು. ಕೊಂಕಣಿ ಮನೆಯಲ್ಲಿ ಕೊಂಕಣಿ ಆಡುವಳು. ಭಟ್ಕಳದ ನೆಂಟರಲ್ಲಿಗೆ ಹೋದರೆ ಅಲ್ಲಿನ ಮುಸ್ಲಿಂ ಹೆಂಗಸರ ಹತ್ತಿರ ಅವರ ನವಾಯತಿ ಭಾಷೆಯಲ್ಲೇ ಅರೆಬರೆ ಹರಟೆ ಹೊಡೆದು ಬರುವಳು. ಆ ತಲೆಯ ಮೇಲೆ ಬುಟ್ಟಿ ಹೊತ್ತೇ ನನ್ನನ್ನು ಬಿ.ಎಸ್ಸಿ. ತನಕ ಓದಿಸಿದಳು.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ದೊಡ್ಡ ಮೀನು ಸಾರಾದ ದಿನ ನಡುವಿನ ತುಂಡು ಅಣ್ಣನಿಗೆ, ತಲೆ ನನಗೆ. ತಲೆಯನ್ನು ಕೈಯಲ್ಲಿ ಹಿಡಿದು, ಕಿವಿರು ಬಿಡಿಸಿ, ಚೀಪಿ ಚೀಪಿ ತಿನ್ನುವ ಸುಖ ಮೀನು ತಿನ್ನುವವರಿಗೇ ಗೊತ್ತು. ಅತ್ತಿಗೆ ಮದುವೆಯಾಗಿ ಬಂದ ಮೇಲೂ ತಲೆ ನನ್ನದೇ. ಅವಳ ಪಾಲಿಗೆ ಬಾಲದ ತುಂಡು. ನಾನು ಕುಮಟೆಗೆ ಮದುವೆಯಾಗಿ ಹೋದ ಮೇಲೆ, ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ತವರಿಗೆ ಬರುತ್ತಿದ್ದೆ. ಅವ್ವಿ ತಲೆಯನ್ನು ಸಾರಿನಿಂದ ಎತ್ತಿ ಬೇರೆ ಬಟ್ಟಲಲ್ಲಿ ಮುಚ್ಚಿಟ್ಟಿರುತ್ತಿದ್ದಳು. ಅದು ನ್ಯಾಯವೇ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ದಿನ ಅವ್ವಿ ಮೀನಿನ ಬುಟ್ಟಿ ಹೊತ್ತು ಭಟ್ಟರ ಕೇರಿಗೆ ಹೋದಳು. ಈರುಳ್ಳಿ ಕೂಡ ಒಳಗೆ ಬಾರದ ಮನೆಯ ಅಂಗಳದಲ್ಲಿ, ತುಳಸಿ ಕಟ್ಟೆಯ ಪಕ್ಕ ಬುಟ್ಟಿ ಇಳಿಸಿ, “ಬಾಯೀ, ಬಂಗಡೆ ಬೇಕೇ? ಈಗಷ್ಟೇ ಬಲೆಯಿಂದ ತೆಗ್ದದ್ದು” ಎಂದು ಕೂಗಿದಳಂತೆ. ಆ ಮನೆಯ ಅಮ್ಮ ಒಳಗಿಂದ ಓಡಿಬಂದು, “ಅಯ್ಯೋ, ಇಲ್ಲೆಂತ ಮೀನು ಮಾರೂಕೆ ಬಂದ್ಯೇ ಮಾರಾಯ್ತಿ! ಮಂಡೆ ಸಮ ಇದ್ಯಾ ನಿಂಗೆ?” ಅಂದರಂತೆ. ಅವ್ವಿ, “ವಾರ ವಾರ ತಗಂತ್ರಿ, ಇವತ್ತೆಂತಾತು?” ಎಂದು ಅವರನ್ನೇ ಜೋರು ಮಾಡಿದಳಂತೆ. ಕೇರಿಯವರು ಒಂದು ತಿಂಗಳು ಇದನ್ನು ಹೇಳಿಕೊಂಡು ನಕ್ಕರು. ನಾನೂ ನಕ್ಕೆ. ಅತ್ತಿಗೆ ಮಾತ್ರ ನಗಲಿಲ್ಲ. ಮಾರನೇ ದಿನದಿಂದ ಅವ್ವಿಯ ಹಿಂದೆಯೇ ನಡೆದು ಹೋಗತೊಡಗಿದಳು. ಒಂದು ವರ್ಷ ಹಾಗೆ ನಡೆದಳು. ಕೊನೆಗೆ ಬುಟ್ಟಿಯನ್ನು ಅಟ್ಟಕ್ಕೆ ಹಾಕಿ, ಅವ್ವಿಯನ್ನು ಮನೆಯಲ್ಲಿ ಕೂರಿಸಿದ್ದೂ ಅವಳೇ.

ಆಮೇಲೆ ಅವ್ವಿಯ ತಲೆಯಿಂದ ಒಂದೊಂದೇ ಮನೆ ಜಾರಿತು. ಒಲೆ ಹಚ್ಚಿ ಮರೆತಳು, ಉಂಡದ್ದು ಮರೆತಳು, ಅಪ್ಪ ಸತ್ತದ್ದು ಮರೆತು ದೋಣಿ ಬಂತೇ ಎಂದು ದಡಕ್ಕೆ ಹೋದಳು. ಅಣ್ಣ ಆಗ ಭಟ್ಕಳದ ಬಂದರಿನಲ್ಲಿ ಒಂದು ಬೋಟಿಗೆ ಸೇರಿದ್ದ, ಮನೆಗೆ ಬರುವುದು ಹತ್ತು ಹದಿನೈದು ದಿನಕ್ಕೊಮ್ಮೆ. ಮೀಯಿಸುವುದು, ಉಣಿಸುವುದು, ಬಟ್ಟೆ ಒದ್ದೆಯಾದರೆ ಬದಲಿಸುವುದು, ಓಡಿಹೋದರೆ ಹುಡುಕಿ ತರುವುದು, ಎಲ್ಲ ಅತ್ತಿಗೆಯ ತಲೆಗೇ. ನಾನು ಶನಿವಾರ ಮಧ್ಯಾಹ್ನ ಬ್ರೆಡ್ಡು, ಬಾಳೆಹಣ್ಣು ಹಿಡಿದುಕೊಂಡು ಬಂದು, ಭಾನುವಾರ ಸಂಜೆ ವಾಪಸು ಹೋಗುವವಳು. ಬಂದಾಗಲೆಲ್ಲ ಅವ್ವಿಯ ಉಗುರು ಬೆಳೆದಿದೆ, ಸೀರೆ ಮಾಸಿದೆ ಎಂದು ತಪ್ಪು ಹುಡುಕುತ್ತಿದ್ದೆ.

ಆ ಶನಿವಾರ ನನಗೆ ಚೆನ್ನಾಗಿ ನೆನಪಿದೆ. ಅವ್ವಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ನನ್ನನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು, “ಬನ್ನಿ ಬಾಯೀ, ಇವತ್ತು ಬಂಗಡೆ ಚಲೋ ಅದೆ” ಅಂದಳು. ಬಾಯಿ ಎಂದರೆ ಅವಳಿಗೆ ಮೀನು ಕೊಳ್ಳುವ ಮನೆಯ ಯಜಮಾನಿ; ಅದು ಗಿರಾಕಿಗಳನ್ನು ಮಾತಾಡಿಸುವ ದನಿ. ನಾನು ತಮಾಷೆ ಎಂದುಕೊಂಡೆ. ಅಷ್ಟರಲ್ಲಿ ಒಳಗೆ ತಿರುಗಿ, “ಕೂಸೇ, ಬಾಯಿಗೆ ಕೂರೂಕೆ ಒಂದು ಮಣೆ ಕೊಡೇ” ಎಂದು ಕೂಗಿದಳು. ಒಳಗಿಂದ ಅತ್ತಿಗೆ, “ಓ, ಬಂದೆ ಅವ್ವಿ” ಎಂದಳು. ಅತ್ತೆ ಎಂದು ಕರೆಯುತ್ತಿದ್ದವಳು ಅವ್ವಿ ಅಂದಳು! ನನ್ನ ಮೈಯೆಲ್ಲ ಉರಿದುಹೋಯಿತು.

“ಅವ್ವಿ, ಕೂಸು ನಾನು ಅಲ್ದಾ? ನನ್ನ ನೋಡು” ಎಂದೆ.

ಅವ್ವಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಪಾಪ ಎನ್ನುವಂತೆ ನಕ್ಕಳು. ಮಣೆ ತಂದಿಟ್ಟ ಅತ್ತಿಗೆಯ ಸೊಂಟ ಹಿಡಿದು ಹತ್ತಿರ ಎಳೆದುಕೊಂಡು, “ಇದು ನನ್ನ ಕೂಸು. ಕುಮಟೆಲಿ ಅಕ್ಕೋರು. ಒಂದು ಕ್ಲಾಸಿಗೆ ಹೋದ್ರೆ ಮಕ್ಕಳು ತುಟಿಪಿಟಕ್ ಅನ್ನೂದಿಲ್ಲ. ನಿಮ್ಮ ಮಕ್ಕಳು ದಡ್ಡರಾದ್ರೆ ಇವ್ಳ ಹತ್ರ ಕಳ್ಸಿ ಬಾಯಿ” ಎಂದಳು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟು ಒಳಗೆ ಓಡಿದಳು. ನನಗೆ ಅವಳ ಜುಟ್ಟು ಹಿಡಿದು ಎಳೆಯುವಷ್ಟು ಸಿಟ್ಟು ಬಂತು. ನನ್ನ ಡಿಗ್ರಿ, ನನ್ನ ಕ್ಲಾಸು, ನನ್ನ ಹೆಸರು, ಎಲ್ಲ ಆ ಅನಕ್ಷರಸ್ಥೆಯ ಮೈಗೆ ಅಂಟಿಕೊಂಡಿತ್ತು. ನನಗೆ ಉಳಿದದ್ದು ಒಂದು ಮಣೆ.

ಅಡುಗೆಮನೆಗೆ ಹೋಗಿ ಕೇಳಿದೆ, “ನೀ ಎಂತಕ್ಕೆ ‘ಓ’ ಅಂತೆ? ನಾ ಸೊಸೆ ಅಂತ ಹೇಳೂಕಾಗೂದಿಲ್ವಾ?”

“ಹೇಳಿ ಸಾಕಾಗಿ ಬಿಟ್ಟದ್ದು. ‘ಓ’ ಅನ್ನದಿದ್ರೆ ಕೂಗ್ತೇ ಇರ್ತ್ರು. ಮೊನ್ನೆ ಕೂಗಿ ಕೂಗಿ ಗಂಟಲು ಕಟ್ಟಿಹೋತು” ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು. ಅವತ್ತಿನ ಊಟಕ್ಕೆ ಅವ್ವಿ ತನ್ನ ಕೈಯಾರೆ ಮೀನಿನ ತಲೆಯನ್ನು ಎತ್ತಿ ಅತ್ತಿಗೆಯ ತಟ್ಟೆಗೆ ಹಾಕಿ, “ತಿನ್ನು ಕೂಸೇ, ಶಾಲೆಲಿ ನಿಂತು ನಿಂತು ಸೊರಗಿದ್ದೆ” ಎಂದಳು. ಅತ್ತಿಗೆ ನನ್ನ ಮುಖ ನೋಡಿದಳು. ನಾನು ಎದ್ದು ಕೈತೊಳೆದುಬಿಟ್ಟೆ.

ಇದಾಗಿ ವರ್ಷದ ಮೇಲೆ, ಎಂಬತ್ತರ ದಶಕದ ನಡುವೆ, ಅವ್ವಿಯನ್ನು ದಕ್ಷಿಣಕ್ಕೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದವಳು ನಾನು. ಔಷಧಿ ಕೊಟ್ಟರೆ ಅವಳಿಗೆ ನನ್ನ ಗುರುತು ಹತ್ತುತ್ತದೆ, ಅತ್ತಿಗೆ ಮತ್ತೆ ಅತ್ತಿಗೆಯಾಗುತ್ತಾಳೆ ಎಂಬ ಆಸೆ. ಭಟ್ಕಳ ದಾಟಿ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅವ್ವಿ ಇಡೀ ದಾರಿ ಅತ್ತಿಗೆಯ ಭುಜಕ್ಕೆ ಒರಗಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕೂತು ಇಬ್ಬರ ಬೆನ್ನು ನೋಡುತ್ತಿದ್ದೆ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಂಗಸು. ಪರೀಕ್ಷೆಯೆಲ್ಲ ಮುಗಿದ ಮೇಲೆ, ನಾನು ವಿಜ್ಞಾನದ ಟೀಚರು ಎಂದು ತಿಳಿದು, ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. “ನೋಡಿ ಟೀಚರ್, ಇದು ಮುಪ್ಪಿನ ಮರೆವಲ್ಲ. ಆಲ್‌ಝೈಮರ್ ಅಂತ ಹೇಳುತ್ತಾರೆ. ನಮ್ಮ ಮೈಯಲ್ಲಿ ಪ್ರೋಟೀನುಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಇನ್ನೊಂದನ್ನು ಹಿಡಿಯಬೇಕು, ಕೆಲಸ ಮುಗಿದ ಮೇಲೆ ಬಿಡಬೇಕು. ಈ ಕಾಯಿಲೆಯವರ ಮೆದುಳಿನಲ್ಲಿ ಒಂದು ಪ್ರೋಟೀನಿನ ತುಣುಕು ತನ್ನಂಥದ್ದೇ ತುಣುಕುಗಳನ್ನು ಹಿಡಿದು ಬಿಡುವುದೇ ಇಲ್ಲ. ನರಕೋಶಗಳ ಹೊರಗೆ ಗಂಟು ಗಂಟಾಗಿ ಕೂತುಬಿಡುತ್ತದೆ. ಕೋಶದ ಒಳಗೂ ಎಳೆಗಳು ಸಿಕ್ಕುಸಿಕ್ಕಾಗಿರುತ್ತವೆ. ಸದ್ಯಕ್ಕೆ ಇದನ್ನು ಬಿಡಿಸುವ ಔಷಧಿ ಇಲ್ಲ” ಎಂದರು.

ನಮ್ಮ ಕೇರಿಯ ಹಳೆಯ ತಾಂಡೇಲನೊಬ್ಬನಿಗೆ, ದೋಣಿ ನಡೆಸುತ್ತಿದ್ದ ಮುದುಕನಿಗೆ, ಕೈ ನಡುಗಿ ನಡುಗಿ ಬಲೆ ಹೆಣೆಯುವುದೂ ನಿಂತುಹೋಗಿತ್ತು. ಅದೂ ಹೀಗೆಯೋ ಎಂದು ಕೇಳಿದೆ. “ಅಲ್ಲೂ ಕೋಶದ ಒಳಗೆ ಉಂಡೆ ಉಂಡೆ ಕಾಣುತ್ತದೆ. ಜಾಗ ಬೇರೆ, ಬಹುಶಃ ಪ್ರೋಟೀನೂ ಬೇರೆ” ಎಂದರು. ಉಳಿದದ್ದನ್ನು ನಾನು ನಿವೃತ್ತಿಯ ನಂತರ ಓದಿಕೊಂಡೆ. ಕೋಶದೊಳಗಿನ ಸಾಗಾಟದ ದಾರಿಗಳನ್ನು ಹಿಡಿದು ನಿಲ್ಲಿಸಬೇಕಾದ ಒಂದು ಪ್ರೋಟೀನು ಅಲ್ಲಿಂದ ಕಳಚಿ, ತನ್ನ ಜೊತೆಯವನ್ನೇ ಸುತ್ತಿಕೊಂಡು ಸಿಕ್ಕಾಗುತ್ತದಂತೆ. ತಪ್ಪಾಗಿ ಮಡಚಿಕೊಂಡ ಒಂದು, ಪಕ್ಕದ ಒಳ್ಳೆಯದರ ಮಡಿಕೆಯನ್ನೂ ಕೆಡಿಸುತ್ತದಂತೆ. ಹೊರಗಿನ ಗಂಟಿಗೂ ಒಳಗಿನ ಸಿಕ್ಕಿಗೂ ಇರುವ ನಂಟು ಇನ್ನೂ ಪೂರ್ತಿ ಬಗೆಹರಿದಿಲ್ಲವಂತೆ.

ಆವತ್ತು ನನ್ನ ಕಿವಿಗೆ ಬಿದ್ದದ್ದು ಇಷ್ಟೇ: ಪ್ರೋಟೀನು, ಗಂಟು. ನಾನು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ‘ಪ್ರೋಟೀನು: ಮೀನು, ಮೊಟ್ಟೆ, ಬೇಳೆ’ ಎಂದು ಬರೆದವಳು, ಪಕ್ಕದಲ್ಲಿ ಬಂಗಡೆಯ ಚಿತ್ರವನ್ನೂ ಬಿಡಿಸಿದವಳು. ಬಿಸಿನೀರಿಗೆ ಮೊಟ್ಟೆಯ ಬಿಳಿ ಹಾಕಿ, ಅದು ಗಟ್ಟಿಯಾಗಿ ಗಂಟಾಗುವುದನ್ನು ಪ್ರತಿವರ್ಷ ಮಕ್ಕಳಿಗೆ ತೋರಿಸಿದವಳು. ಡಾಕ್ಟರನ್ನು ಇನ್ನೊಂದು ಮಾತು ಕೇಳಬೇಕು ಎಂದು ಅನ್ನಿಸಲೇ ಇಲ್ಲ. ಹುಟ್ಟಿದಾಗಿನಿಂದ ಮೂರು ಹೊತ್ತು ಮೀನು ತಿಂದ ಹೆಂಗಸು, ಪ್ರೋಟೀನು ತಲೆಗೇರಿ ಗಂಟಾಗಿದೆ. ಲೆಕ್ಕ ಸರಿಹೋಯಿತು.

ವಾಪಸು ಬರುವಾಗ ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಕಾಯುತ್ತಿದ್ದ. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಬಂಗಡೆ. “ಅವ್ವಿಗೆ ಅಂತ ತಂದೆ” ಎಂದ. ನಾನು ಕಿಟಕಿಯಿಂದಲೇ ಅದನ್ನು ಹಿಂದಕ್ಕೆ ಕೊಟ್ಟೆ. “ಇನ್ನು ಮೇಲೆ ಅವ್ವಿಗೆ ಮೀನಿಲ್ಲ, ಮೊಟ್ಟೆ ಇಲ್ಲ. ಗಂಜಿ, ತರಕಾರಿ, ಅಷ್ಟೇ” ಎಂದೆ.

ಅತ್ತಿಗೆ ತಿರುಗಿ ನೋಡಿದಳು. “ಡಾಕ್ಟ್ರು ಹಾಂಗೆ ಹೇಳ್ಲಿಲ್ಲಲಾ?”

“ನಿಂಗೆ ತಿಳೀತದ್ಯಾ ಅವ್ರು ಹೇಳಿದ್ದು?”

“ಇಲ್ಲ. ಆದ್ರೆ ಮೀನಿನ ಸುದ್ದಿ ಬಂದಿದ್ರೆ ನಂಗೆ ತಿಳೀತಿತ್ತು.”

ಅಣ್ಣ ಇಬ್ಬರ ಮುಖವನ್ನೂ ನೋಡಿ, “ತಂಗಿ ಓದ್ದವ್ಳು. ಅದು ಹೇಳ್ದಾಂಗೆ ಮಾಡು” ಎಂದು ಹೆಂಡತಿಗೆ ಹೇಳಿದ. ಆಹಾ, ನನಗೆ ಎಷ್ಟು ಹಿತವಾಯಿತು! ಸತ್ಯ ಹೇಳುತ್ತೇನೆ, ಮೀನು ನಿಲ್ಲಿಸುವಾಗ ನನ್ನ ತಲೆಯಲ್ಲಿ ಪ್ರೋಟೀನು ಒಂದೇ ಇರಲಿಲ್ಲ. ಅತ್ತಿಗೆ ಮುಳ್ಳು ಬಿಡಿಸಿ, ಅನ್ನದಲ್ಲಿ ಮೀನು ಕಲಸಿ, ತುತ್ತು ಮಾಡಿ ಅವ್ವಿಯ ಬಾಯಿಗಿಡುತ್ತಿದ್ದಳು. ಅವ್ವಿ ಆ ತುತ್ತಿಗೆ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಆ ನೋಟ ಇನ್ನು ಮೇಲೆ ಕಾಣಬೇಕಾಗಿಲ್ಲ ಎಂಬುದೂ ನನ್ನ ತಲೆಯಲ್ಲಿತ್ತು.

ಎರಡು ತಿಂಗಳು ಹೀಗೆ ನಡೆಯಿತು. ಶನಿವಾರ ಹೋದಾಗ ನಾನು ಅಡುಗೆಮನೆಯ ಪಾತ್ರೆಗಳ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದೆ. ಅತ್ತಿಗೆ ಒಮ್ಮೆಯೂ ಮೋಸ ಮಾಡಲಿಲ್ಲ. ಅವಳೂ ಮೀನು ಬಿಟ್ಟಿದ್ದಳು. ವಾಸನೆ ಬಂದರೆ ಅತ್ತೆಗೆ ಆಸೆಯಾಗುತ್ತದೆ ಎಂದು ಮನೆಗೇ ಮೀನು ತರುತ್ತಿರಲಿಲ್ಲ. ಅವ್ವಿ ಗಂಜಿಯನ್ನು ಬಾಯಲ್ಲಿಟ್ಟುಕೊಂಡು ಹಾಗೇ ಕೂತಿರುವಳು. ಹಾಗಲದ ಪಲ್ಯವನ್ನು ಉಗುಳುವಳು. ಪಕ್ಕದ ಮನೆಯಲ್ಲಿ ಬಂಗಡೆ ಹುರಿದರೆ ಮೂಗೆತ್ತಿ ಹಿಡಿದು, “ಕೂಸೇ, ದೋಣಿ ಬಂತು. ಬುಟ್ಟಿ ತಾ” ಎಂದು ಏಳುವಳು. ಅತ್ತಿಗೆ ಅವಳನ್ನು ಹಿಡಿದು ಕೂರಿಸುವಳು. ಒಂದು ಶನಿವಾರ ಅವ್ವಿ ನನ್ನನ್ನು ಹತ್ತಿರ ಕರೆದು ಗುಟ್ಟಾಗಿ, “ಬಾಯೀ, ನಿಮ್ಮನೆಲಿ ಇವತ್ತು ಮೀನು ಮಾಡಿದ್ರಾ? ಒಂಚೂರು ಸಾರು ಇದ್ರೆ ಕೊಡಿ” ಅಂದಳು. ಜೀವಮಾನವಿಡೀ ಊರಿಗೆ ಮೀನು ಹೊತ್ತವಳು ನನ್ನ ಮುಂದೆ ಕೈಯೊಡ್ಡಿದಳು. ಆಗಲೂ ನನ್ನ ಹಟ ಇಳಿಯಲಿಲ್ಲ. ಗಂಟು ಕರಗಲು ಸಮಯ ಬೇಕು, ಆಮೇಲೆ ಗುರುತು ಹತ್ತುತ್ತದೆ ಎಂದು ಹಲ್ಲು ಕಚ್ಚಿ ಕೂತೆ. ಅವ್ವಿಯ ರವಿಕೆ ಹೆಗಲಿಂದ ಜಾರುತ್ತಿತ್ತು.

ಎರಡನೇ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಅವ್ವಿಯನ್ನು ತೂಗಿ ನೋಡಿ ಹುಬ್ಬು ಗಂಟಿಕ್ಕಿದರು. “ಏನು ಕೊಡ್ತಿದ್ದೀರಿ ಊಟಕ್ಕೆ?” ಎಂದರು. ಗಂಜಿ, ಸೊಪ್ಪು ಎಂದೆ. “ಮೀನು ತಿನ್ನುವವರಲ್ಲವಾ ನೀವು?” ನಿಲ್ಲಿಸಿದ್ದೇವೆ ಎಂದೆ, ಪ್ರೋಟೀನು ಗಂಟಾಗುತ್ತದಲ್ಲ ಎಂದೆ. ಅವರಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಪೆನ್ನು ಕೆಳಗಿಟ್ಟರು. “ತಿಂದ ಮೀನು ಹೊಟ್ಟೆಯಲ್ಲಿ ಪುಡಿಪುಡಿಯಾಗುತ್ತದೆ. ಮೀನು ಮೀನಾಗಿಯೇ ಹೋಗಿ ಮೆದುಳಿನಲ್ಲಿ ಕೂರುವುದಿಲ್ಲ. ಆ ಗಂಟಿನ ಪ್ರೋಟೀನನ್ನು ಮೈ ತಾನೇ ಮಾಡಿಕೊಳ್ಳುತ್ತದೆ. ಇರುವ ಒಂದು ಸುಖವನ್ನೂ ಕಿತ್ತುಕೊಂಡಿದ್ದೀರಲ್ಲ! ಯಾರು ಹೇಳಿದ್ದು ನಿಮಗೆ ಇದನ್ನು?”

ಎಂಟನೇ ಕ್ಲಾಸಿನ ಹುಡುಗಿಯೂ ಬರೆಯಬಲ್ಲ ಉತ್ತರ ಅದು. ಹೊಟ್ಟೆಯಲ್ಲಿ ಪ್ರೋಟೀನು ಪುಡಿಯಾಗುವುದನ್ನು ನಾನೇ ಕಲಿಸುತ್ತಿದ್ದೆ. ಮುಖ ಎಲ್ಲಿಡಲಿ ಎಂದು ತಿಳಿಯದೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. “ನಮ್ಮ ಅತ್ತಿಗೆಗೆ ಯಾರೋ ಹೇಳಿದ್ರಂತೆ. ಅವರು ಓದಿದವರಲ್ಲ, ಡಾಕ್ಟರೆ” ಎಂದೆ.

ಅತ್ತಿಗೆ ಪಕ್ಕದಲ್ಲೇ ಇದ್ದಳು. ಅವ್ವಿಯ ಎದೆಯ ಮೇಲೆ ಸೆರಗು ಹೊದಿಸುತ್ತಿದ್ದವಳ ಕೈ ಒಂದು ಗಳಿಗೆ ನಿಂತಿತು. ಡಾಕ್ಟರು ಅವಳ ಕಡೆ ತಿರುಗಿ, “ಹಾಗೆಲ್ಲ ಯಾರ್ಯಾರದೋ ಮಾತು ಕೇಳಬಾರದಮ್ಮ. ಮುದುಕಿ ಸೊರಗಿದ್ದಾರೆ ನೋಡು” ಎಂದರು. ಅವಳು ತಲೆ ತಗ್ಗಿಸಿ, “ಆತು, ಡಾಕ್ಟ್ರೆ. ಇನ್ನು ಕೊಡ್ತೆ” ಎಂದಳು.

ಬಸ್ಸಿನಲ್ಲಿ ನಾನು ಈ ಸಲ ಅವರ ಪಕ್ಕವೇ ಕೂತೆ. ಅವ್ವಿ ಅತ್ತಿಗೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಭಟ್ಕಳದಲ್ಲಿ ಅಣ್ಣ ಬರಿಗೈಯಲ್ಲಿ ನಿಂತಿದ್ದ. “ಡಾಕ್ಟ್ರು ಎಂತ ಅಂದ್ರು?” ಎಂದ. ನಾನು ಚೀಲದಲ್ಲಿ ಆಸ್ಪತ್ರೆಯ ಚೀಟಿ ಹುಡುಕತೊಡಗಿದೆ. ಅತ್ತಿಗೆಯೇ, “ಮೀನು ಕೊಡೂಕೆ ಅಡ್ಡಿಲ್ಲ ಅಂದ್ರು. ಬಸ್ಸು ಬಿಡೂದ್ರೊಳಗೆ ಎಲ್ಲಾದ್ರೂ ನಾಕು ಬಂಗಡೆ ಸಿಕ್ತದ್ಯಾ ನೋಡಿ” ಎಂದಳು. ಅವನು ಓಡಿಹೋಗಿ ತಂದುಕೊಟ್ಟ. ಯಾಕೆ, ಏನು ಎಂದು ಕೇಳಲೂ ಇಲ್ಲ.

ಬಸ್ಸು ಹೊರಟ ಮೇಲೆ ನಾನು ಹೇಳಿದೆ. “ಅತ್ತಿಗೆ, ನಾ ಸುಳ್ಳು ಹೇಳ್ದೆ. ನಿನ್ನ ಮೇಲೆ ಹಾಕ್ದೆ.”

“ನಂಗೆ ಕಿವಿ ಅದೆ, ಅಕ್ಕೋರೆ. ಕೇಳ್ತು.”

“ಮತ್ತೆ ಎಂತಕ್ಕೆ ಸುಮ್ನಿದ್ದೆ?”

“ಡಾಕ್ಟ್ರ ಎದುರು ನಿಮ್ಮ ಮರ್ಯಾದೆ ತೆಗ್ದು ನಂಗೆಂತ ಸಿಕ್ತದೆ? ನಂಗೆ ಬೈದ್ರೆ ಹೊಸತಲ್ಲ.” ಇಷ್ಟು ಹೇಳಿ ಅವಳು ಹೊರಗೆ ನೋಡಿದಳು. ನನಗೆ ಆಗ ತಡೆಯಲಾಗಲಿಲ್ಲ. ಎಲ್ಲ ಕಕ್ಕಿಬಿಟ್ಟೆ. ಅವ್ವಿ ನಿನ್ನನ್ನೇ ಕೂಸು ಅಂತಾಳೆ, ನನ್ನ ಗುರುತಿಲ್ಲ, ಹೊಟ್ಟೆ ಉರಿಯುತ್ತದೆ, ಅದಕ್ಕೇ ಹೀಗೆಲ್ಲ ಮಾಡಿದೆ ಎಂದೆ.

ಅವಳು ನಕ್ಕಳು. ಹಿತವಾದ ನಗೆಯಲ್ಲ ಅದು. “ಹೊಟ್ಟೆಕಿಚ್ಚು ನಿಮಗೆ ಮಾತ್ರ ಅಂದ್ಕಂಡ್ರ್ಯಾ? ದಿನಾ ಸಂಜೆ ಅತ್ತೆ ನಂಗೆ ಎಂತ ಕೇಳ್ತ್ರು ಗೊತ್ತದ್ಯಾ? ‘ಕೂಸೇ, ಶಾಲೆ ಬಿಡ್ತಾ? ಇವತ್ತೆಂತ ಕಲ್ಸಿದೆ?’ ನಾ ಎಂತ ಹೇಳ್ಲಿ? ಆನೆ ಕಲ್ಸಿದೆ, ಚಂದ್ರ ಕಲ್ಸಿದೆ ಅಂತ ಬಾಯಿಗೆ ಬಂದದ್ದು ಹೇಳ್ತೆ. ಅವ್ರಿಗೆ ಅಷ್ಟೇ ಸಂತೋಷ. ಅವ್ರು ಕಾಂಬೂದು ನಿಮ್ಮನ್ನೇ. ನಾ ಎದ್ರಿಗಿರ್ತೆ, ಅಷ್ಟೇ.”

ಅವ್ವಿಯ ತಲೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮತ್ತೆ ಹೇಳಿದಳು. “ಆಮೇಲೆ ನನ್ನ ಸುದ್ದಿ ತೆಗೀತ್ರು. ನನ್ನ ಹತ್ರನೇ! ‘ನಿನ್ನ ಅತ್ತಿಗೆ ಎಲ್ಲಿ ಹೋತು? ಒಂದು ದಿನ ನನ್ನ ತಲೆ ಬಾಚ್ಲಿಲ್ಲ, ಒಂದು ತುತ್ತು ಉಣ್ಸಿಲ್ಲ. ಎಂಥಾ ಸೊಸೆ ಸಿಕ್ತೇ ಕೂಸೇ ನಂಗೆ’ ಅಂತ್ರು. ತಲೆ ಬಾಚ್ತಾ ಇರೂವಾಗ್ಲೇ ಅಂತ್ರು. ನಾ ‘ಹೌದು ಅವ್ವಿ, ಅದು ಹಾಂಗೇ’ ಅಂತೆ. ಮತ್ತೆಂತ ಮಾಡ್ಲಿ?”

ಅವಳ ತೊಡೆಯ ಮೇಲೆ ಅವ್ವಿಯ ಬಾಯಿಂದ ಜೊಲ್ಲು ಇಳಿದಿತ್ತು. ಅವಳು ಮಾತಾಡುತ್ತಲೇ ಅದನ್ನು ಸೆರಗಿನಿಂದ ಒರೆಸಿದಳು. ಮನೆಗೆ ಬಂದ ಕೂಡಲೇ ಬಟ್ಟೆಯನ್ನೂ ಬದಲಿಸದೆ ಅವಳು ಬಂಗಡೆ ಸಾರು ಮಾಡಿದಳು. ಅವ್ವಿ ಮೊದಲ ತುತ್ತಿಗೇ ಕಣ್ಣುಮುಚ್ಚಿ, “ಹಾಂ” ಎಂದಳು. ಎರಡು ತಿಂಗಳಲ್ಲಿ ಅವಳ ಬಾಯಿಂದ ಆ ದನಿ ಬಂದಿರಲಿಲ್ಲ.

ಇಷ್ಟಾದ ಮೇಲೆ ನನ್ನ ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಎಲ್ಲಿ ಹೋಗುತ್ತದೆ? ಮುಂದಿನ ಶನಿವಾರವೂ ಅವ್ವಿ ‘ಕೂಸೇ’ ಎಂದಾಗ ನನ್ನ ಕಿವಿ ಮೊದಲು ನೆಟ್ಟಗಾಯಿತು, ಆಮೇಲೆ ಮುಖ ಬಾಡಿತು. ಒಂದು ಮಾತ್ರ ಬದಲಾಯಿತು. ಶನಿವಾರ ಬಂದವಳು ಉಗುರು ನೋಡುವುದನ್ನು ಬಿಟ್ಟು ನಾನೇ ಉಗುರು ತೆಗೆಯತೊಡಗಿದೆ. ಮೀಯಿಸತೊಡಗಿದೆ. ಅವ್ವಿ ಮೊದಮೊದಲು ಕೊಸರಾಡಿದಳು, ಗಿರಾಕಿಯ ಕೈಯಿಂದ ಮೈ ತೊಳೆಸಿಕೊಳ್ಳಲು ಯಾರಿಗೆ ನಾಚಿಕೆಯಾಗದು?

ಅವ್ವಿ ಹಾಸಿಗೆ ಹಿಡಿಯುವ ಮೊದಲಿನ ಮಾತು. ಒಂದು ಶನಿವಾರ ಮಧ್ಯಾಹ್ನ ಅವಳನ್ನು ಹಿಂದಿನ ಬಾಗಿಲ ಬಿಸಿಲಿನಲ್ಲಿ ಕೂರಿಸಿ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದೆ. ಕೂದಲು ಒಂದು ಹಿಡಿಯೂ ಇರಲಿಲ್ಲ. ಅತ್ತಿಗೆ ಒಳಗೆ ಮೀನು ಕೊಯ್ಯುತ್ತಿದ್ದಳು, ಅವತ್ತು ಅಣ್ಣ ಬೋಟಿನಿಂದ ದೊಡ್ಡ ಮೀನು ಕಳಿಸಿದ್ದ. ಅವ್ವಿ ನನ್ನ ಕೈಯನ್ನು ಹಿಂದಿನಿಂದಲೇ ಮುಟ್ಟಿ ನೋಡಿ, “ಯಾರದು?” ಎಂದಳು.

ಈ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ. ನಾನು, ನಿನ್ನ ಮಗಳು. ಅವಳ ಉತ್ತರವೂ ಒಂದೇ. ಸುಳ್ಳು. ಅವತ್ತೂ ಅದೇ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

“ಅತ್ತೇ, ನಾನು. ನಿಮ್ಮ ಸೊಸೆ” ಎಂದೆ.

ನಾನು ಬಾಚುತ್ತಲೇ ಇದ್ದೆ. ಅವ್ವಿ ಒಳಗೆ ಮುಖ ಮಾಡಿ, “ಕೂಸೇ, ಇಲ್ಲಿ ಬಾ, ನೋಡು. ನಿನ್ನ ಅತ್ತಿಗೆ ಬಂದು ತಲೆ ಬಾಚ್ತದೆ” ಎಂದಳು. ಅತ್ತಿಗೆ ಕೈಯಲ್ಲಿ ಮೀನಿನ ಪರೆ ಅಂಟಿಸಿಕೊಂಡೇ ಬಾಗಿಲಿಗೆ ಬಂದು ನಿಂತಳು. ಅವ್ವಿ ದನಿ ತಗ್ಗಿಸಿದಳು, ಆದರೂ ನನಗೆ ಕೇಳುವಷ್ಟು ಇತ್ತು. “ಕೈ ಎಷ್ಟು ಮೆತ್ತಗದೆ ಮಾರಾಯ್ತ್ಯೇ. ನಾ ಸುಮ್ಸುಮ್ನೆ ಬೈದೆ ಇಷ್ಟು ವರ್ಷ. ಒಳ್ಳೇದು ಅದು. ಪಾಪದ್ದು.”

ಅತ್ತಿಗೆ ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. ಬಸ್ಸಿನಲ್ಲಿ ಅಳದಿದ್ದವಳು, ಡಾಕ್ಟರ ಎದುರು ಅಳದಿದ್ದವಳು, ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಅವ್ವಿ ಗಾಬರಿಯಾಗಿ ನನ್ನನ್ನು ಕೇಳಿದಳು, “ಕೂಸು ಎಂತಕ್ಕೆ ಅಳ್ತದೆ?” ಶಾಲೆಯಲ್ಲಿ ನಿಂತು ನಿಂತು ಸುಸ್ತಾಗಿದೆ ಎಂದೆ.

“ಹಾಂಗಾದ್ರೆ ಅದ್ಕೆ ಮೀನಿನ ತಲೆ ಹಾಕು” ಎಂದಳು ಅವ್ವಿ.

ಊಟಕ್ಕೆ ಕೂತಾಗ ನಾನೇ ಬಡಿಸಿದೆ. ಮೀನಿನ ತಲೆಯನ್ನು ಸಾರಿನಿಂದ ಎತ್ತಿ ಅತ್ತಿಗೆಯ ತಟ್ಟೆಗೆ ಹಾಕಿದೆ. ಅವಳು ಬೇಡ ಎನ್ನಲಿಲ್ಲ. ನನ್ನ ತಟ್ಟೆಗೆ ಬಾಲದ ತುಂಡು ಹಾಕಿಕೊಂಡೆ. ಅದರಲ್ಲಿ ಅಷ್ಟೊಂದು ಮುಳ್ಳಿರುತ್ತದೆ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.